ಕೊಳವೆಯಲ್ಲಿ ನೀರು

ನಮ್ಮತ್ತೆ ಲೆಂಪಿ, ತಂಗಿಗೆ ಪಿತ್ತಕೋಶದ ಆಪರೇಷನ್ ಆಯಿತೆಂದು ಹ್ಯಾನ್‌ಕಾಕ್ ಊರಿಗೆ ಹೋಗಿ ಒಂದು ವಾರ ಇದ್ದು ಬರುವಷ್ಟರಲ್ಲಿ ಅವರ ಮಗ್ಗ ಮನೆಯಲ್ಲಿರಲಿಲ್ಲ. ನನ್ನ ಮಾವ ಟೌನೊ, ನನ್ನ ಗಂಡ ಕರ್ಟಿಸ್, ಅಪ್ಪ ಮಗ ಇಬ್ಬರೂ ಸೇರಿ ಅದರ ಕಂಬ ತೊಲೆ ಬಿಚ್ಚಿ ಪಿಕಪ್ಪಿಗೆ ಹೇರಿ, ಸರೋವರದ ದಡದಲ್ಲಿ ಪ್ರವಾಸಿಗಳಿಗೆ ಮರದ ಮನೆ ಬಾಡಿಗೆಗೆ ಕೊಡುವ ವಾಲ್ಟ್ ಎಂಬಾತನಿಗೆ ಕೊಟ್ಟು ಬಂದಿದ್ದರು. ಬದಲಿಗೆ ಅವನು ಕೊಟ್ಟದ್ದು ಹೆಪ್ಪುಗಟ್ಟಿದ ಸರೋವರದಲ್ಲಿ ಮೀನು ಹಿಡಿಯಲು ತೂತು ಕೊರೆಯುವ ಒಂದು ಹಳೇ ಮೋಟಾರು.

ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಅವತ್ತು ಮನೆಗೆ ಬಂದಾಗ ಹಿಂದಿನ ಕೋಣೆಯಲ್ಲಿ ಮಗ್ಗವಿದ್ದ ಜಾಗದಲ್ಲಿ ಮಾವನ ಒರಗು ಕುರ್ಚಿ, ಎದುರಿಗೆ ಟೀವಿ. ಅತ್ತೆಯ ಮಂಚವನ್ನೂ ಮಡಚಿ ಗ್ಯಾರೇಜಿಗೆ ಹಾಕಿಬಿಟ್ಟಿದ್ದರು.

"ಅವರನ್ನ ಒಂದ್ ಮಾತು ಕೇಳಿದ್ರಾ?" ಎಂದೆ ಕರ್ಟಿಸ್‌ಗೆ.

"ಅಪ್ಪ ಕೇಳಿರ್ತಾನೆ ಅನ್ಕೊಂಡೆ."

"ಕೇಳಿರ್ತಾನೆ ಅಂತೆ! ಒಂದ್ ಕಡೆ ನೀನೇ ಹಿಡ್ಕೊಂಡಿದ್ದೆಯಲ್ಲ, ನಿನ್ ಕೈಗಾದ್ರೂ ಗೊತ್ತಾಗ್ಲಿಲ್ವಾ ಅದು ಯಾರದ್ದು ಅಂತ?"

"ರೋಂಡಾ, ಅದು ಬರೀ ಕಟ್ಟಿಗೆ ಕಣೇ. ತುಂಬಾ ಭಾರ ಬೇರೆ."

ನಾನು ಇಟಲಿಯವರ ಮನೆಯಿಂದ ಬಂದವಳು. ನಮ್ಮ ತವರಿನಲ್ಲಿ ಜಗಳವಾದರೆ ತಟ್ಟೆ ಹಾರುತ್ತದೆ, ಅರ್ಧ ಗಂಟೆಗೆ ಎಲ್ಲರೂ ಕೂತು ಊಟ ಮಾಡುತ್ತಾರೆ. ಈ ಫಿನ್ನಿಷರ ಮನೆಯಲ್ಲಿ ಜಗಳವಾದರೆ ಮಾತು ನಿಲ್ಲುತ್ತದೆ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಹೆದರಿಕೆ ಈ ಎರಡನೆಯದಕ್ಕೇ.

ಆ ಮಗ್ಗ ಅತ್ತೆಗೆ ಅವರ ತಾಯಿಯಿಂದ ಬಂದದ್ದು. ಹರಿದ ಅಂಗಿ, ಸವೆದ ಪ್ಯಾಂಟು, ಹಳೇ ಹಾಸಿಗೆ ಬಟ್ಟೆ ಎಲ್ಲವನ್ನೂ ಪಟ್ಟಿ ಪಟ್ಟಿ ಕತ್ತರಿಸಿ ಅತ್ತೆ ಅದರಲ್ಲಿ ಜಮಖಾನೆ ನೇಯುತ್ತಿದ್ದರು. ನಮ್ಮ ಚರ್ಚಿನ ಹಜಾರದಿಂದ ಹಿಡಿದು ನೆಂಟರ ಸೌನಾಗಳ, ಅಂದರೆ ಆವಿಸ್ನಾನದ ಕೋಣೆಗಳ, ಹೊಸಿಲವರೆಗೆ ಎಲ್ಲಿ ಕಾಲಿಟ್ಟರೂ ಅವರದೊಂದು ಜಮಖಾನೆ ಸಿಗುತ್ತದೆ. ಅದಲ್ಲದೆ ಆ ಕೋಣೆ ಅವರ ಮಲಗುವ ಕೋಣೆಯೂ ಆಗಿತ್ತು. ಮಾವನ ಗೊರಕೆ ಗೋಡೆ ನಡುಗಿಸುವಂಥದ್ದು. ಗೊರಕೆಯ ನಡುವೆ ಉಸಿರು ನಿಂತೂಬಿಡುತ್ತಿತ್ತು. ಅತ್ತೆ ಎಷ್ಟೋ ವರ್ಷ ಪಕ್ಕದಲ್ಲಿ ಮಲಗಿ, ನಿಂತ ಉಸಿರು ಮತ್ತೆ ಬರಲೆಂದು ಕಾದು, ಬಾರದಿದ್ದರೆ ಮೊಣಕೈಯಿಂದ ತಿವಿದು ಎಬ್ಬಿಸಿ, ಕೊನೆಗೆ ಸಾಕಾಗಿ ಮಗ್ಗದ ಪಕ್ಕ ಮಂಚ ಹಾಕಿಕೊಂಡಿದ್ದರು. ಆ ಬಾಗಿಲು ಮುಚ್ಚಿದರೆ ಅದು ಅವರ ಸ್ವಂತ ರಾಜ್ಯ. ನಾನೂ ಬಾಗಿಲು ತಟ್ಟಿಯೇ ಒಳಗೆ ಹೋಗುತ್ತಿದ್ದೆ.

ಈಚೆಗೆ ಮಾವನಿಗೆ ಉಸಿರಿನ ಯಂತ್ರ ಬಂತು. ಮಾವ ಚಳಿಗಾಲದಲ್ಲಿ ಕೌಂಟಿಯವರ, ಅಂದರೆ ಜಿಲ್ಲಾಡಳಿತದ, ಹಿಮ ತಳ್ಳುವ ಲಾರಿ ಓಡಿಸುತ್ತಾರೆ. ಊರಿನಲ್ಲಿ ಅವರ ಮರ್ಯಾದೆಯೆಲ್ಲ ಆ ಲಾರಿಯ ಮೇಲೆ ಕೂತಿದೆ. ನಿದ್ದೆಯಲ್ಲಿ ಉಸಿರು ನಿಲ್ಲುವವನಿಗೆ ಲಾರಿ ಕೊಡುವುದಿಲ್ಲ, ದಿನಾ ರಾತ್ರಿ ಯಂತ್ರ ಹಾಕಿಕೊಂಡು ಮಲಗಿದರೆ ಮಾತ್ರ ಸಹಿ ಮಾಡುತ್ತೇನೆ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಎಷ್ಟು ಹೊತ್ತು ಹಾಕಿಕೊಂಡಿದ್ದೆವೆಂದು ಯಂತ್ರವೇ ಡಾಕ್ಟರಿಗೆ ಚಾಡಿ ಹೇಳುತ್ತದಂತೆ. ಮೂಗಿಗೆ ಮಾಸ್ಕು, ಮಾಸ್ಕಿನಿಂದ ಯಂತ್ರದವರೆಗೆ ಒಂದು ಕೊಳವೆ, ಯಂತ್ರದ ಪಕ್ಕ ನೀರು ತುಂಬುವ ಚಿಕ್ಕ ಡಬ್ಬಿ. ಗಾಳಿ ಒಣಗಿ ಮೂಗಿನಲ್ಲಿ ರಕ್ತ ಬರಬಾರದೆಂದು ಆ ಡಬ್ಬಿ ನೀರು ಬಿಸಿ ಮಾಡಿ ಗಾಳಿಗೆ ತೇವ ಬೆರೆಸುತ್ತದೆ.

ಯಂತ್ರ ಬಂದ ರಾತ್ರಿಯಿಂದ ಗೊರಕೆ ನಿಂತಿತು. ಮಾವನ ಲೆಕ್ಕಾಚಾರ ಸರಳವಾಗಿತ್ತು. ಗೊರಕೆ ಇಲ್ಲವೆಂದ ಮೇಲೆ ಹೆಂಡತಿಗೆ ಬೇರೆ ಕೋಣೆ ಯಾಕೆ?

ಅತ್ತೆ ಹ್ಯಾನ್‌ಕಾಕ್‌ನಿಂದ ಬಂದು ಹಿಂದಿನ ಕೋಣೆಯ ಬಾಗಿಲು ತೆರೆದರು. ಕೈಯಲ್ಲಿದ್ದ ಚೀಲವನ್ನು ಕೆಳಗಿಡಲಿಲ್ಲ.

"ಇದೇನು?"

"ಇನ್ಮೇಲೆ ನಿನಗೆ ಆ ಗೂಡಲ್ಲಿ ಮಲಗೋ ಕರ್ಮ ಇಲ್ಲ ಲೆಂಪಿ," ಎಂದರು ಮಾವ ಖುಷಿಯಲ್ಲಿ. "ಹಾಸಿಗೆ ರೆಡಿ ಇದೆ. ಗೊರಕೆ ಬಂದ್ರೆ ನನ್ನ ಕಿವಿ ಹಿಡಿ."

"ಮಗ್ಗ ಎಲ್ಲಿ?"

"ವಾಲ್ಟ್‌ಗೆ ಕೊಟ್ಟೆ. ಆಫೀಸಿನ ಮುಂದೆ ಇಡ್ತಾನಂತೆ, ಬಂದೋರೆಲ್ಲ ನೋಡ್ತಾರೆ. ಹಳೇ ಕಟ್ಟಿಗೆ ಮಾರಾಯ್ತಿ, ಅದು ಬೇರೆ ಅರ್ಧ ಕೋಣೆ ನುಂಗ್ಕೊಂಡು ಕೂತಿತ್ತು. ಬದಲಿಗೆ ಏನ್ ಕೊಟ್ಟ ಗೊತ್ತಾ? ಬಾ ತೋರಿಸ್ತೀನಿ."

ಅತ್ತೆ ಹೋಗಿ ಆ ಮೋಟಾರನ್ನು ನೋಡಿದರು. ಒಳಗೆ ಬಂದು ಕಾಫಿಗಿಟ್ಟರು. ಎಲ್ಲರಿಗೂ ಕೊಟ್ಟರು. ಕಾಫಿಯ ಜೊತೆ ಈ ಮನೆಯಲ್ಲಿ ಯಾವಾಗಲೂ ನಿಸು ಇರುತ್ತದೆ. ಏಲಕ್ಕಿ ಹಾಕಿ ಜಡೆ ಹೆಣೆದು ಬೇಯಿಸುವ ಬ್ರೆಡ್ಡು ಅದು. ಮಾವ ಕೈ ಚಾಚಿ ತಟ್ಟೆ ಹುಡುಕಿದರು.

"ನಿಸು ಇಲ್ವಾ?"

"ಇಲ್ಲ," ಎಂದರು ಅತ್ತೆ.

ಅವತ್ತು ಪ್ರಯಾಣದ ಸುಸ್ತು ಎಂದುಕೊಂಡೆವು. ಮರುದಿನವೂ ಇರಲಿಲ್ಲ, ಆಮೇಲೂ ಇರಲಿಲ್ಲ. ನಾಲ್ಕನೇ ದಿನ ಕರ್ಟಿಸ್, ಮರ ಕಡಿಯುವ ಕೆಲಸಕ್ಕೆ ಹೋದ ಕಾಡಿನಲ್ಲಿ ಊಟದ ಡಬ್ಬಿ ತೆರೆದು ಅಲ್ಲಿಂದಲೇ ನನಗೆ ಫೋನು ಮಾಡಿದ. ಲಟ್ಟಿಸಿದ ಹಿಟ್ಟಿನೊಳಗೆ ಮಾಂಸ, ಆಲೂಗಡ್ಡೆ, ಗಡ್ಡೆಕೋಸು ತುಂಬಿ ಮಡಚಿ ಬೇಯಿಸುವ ಪಾಸ್ಟಿ ಅವನ ದಿನದ ಬುತ್ತಿ.

"ರೋಂಡಾ, ಪಾಸ್ಟಿಯೊಳಗೆ ಕ್ಯಾರೆಟ್ ಇದೆ."

"ಆಮೇಲೆ?"

"ಬರೀ ಕ್ಯಾರೆಟ್. ಮಾಂಸ ಇಲ್ಲ, ಆಲೂಗಡ್ಡೆ ಇಲ್ಲ. ಅಮ್ಮನಿಗೆ ಹುಷಾರಿಲ್ವಾ?"

"ಹುಷಾರಾಗೇ ಇದಾರೆ. ಮಗ್ಗದ ಒಂದ್ ಕಡೆ ನೀನೇ ಹಿಡ್ಕೊಂಡಿದ್ದೆಯಲ್ಲ, ತಿನ್ನು."

ಅತ್ತೆ ಮಾತ್ರ ಮಾವ ಹೇಳಿದಂತೆಯೇ ಅವರ ಹಾಸಿಗೆಯಲ್ಲಿ ಮಲಗಲು ಹೋದರು. ಅವರಿಗೆ ಬೇರೆ ಜಾಗವೇ ಇರಲಿಲ್ಲ. ನಮ್ಮ ಮಾವ ಎಂಥ ಚಳಿಯಲ್ಲೂ ಕಿಟಕಿ ತೆರೆದೇ ಮಲಗುವವರು. ಅವರಪ್ಪ ಹಾಗೆ ಮಲಗುತ್ತಿದ್ದರು, ಅವರ ತಾತನೂ ಹಾಗೆಯೇ ಅಂತೆ. ಮುಚ್ಚಿದ ಕಿಟಕಿಯೊಳಗೆ ಮಲಗುವವನು ರೋಗಿ ಎಂಬುದು ಅವರ ತೀರ್ಮಾನ. ಅದರ ಜೊತೆಗೆ ಇವರು ಸೌನಾದ ಜನ. ಕಾದ ಕಲ್ಲಿನ ಮೇಲೆ ನೀರು ಎರಚಿ ಎಷ್ಟು ಆವಿ ಎಬ್ಬಿಸಿದರೆ ಅಷ್ಟು ಆರೋಗ್ಯ ಎಂದು ತೊಟ್ಟಿಲಿನಿಂದ ನಂಬಿದವರು. ಯಂತ್ರದ ನೀರಿನ ಡಬ್ಬಿಗೆ ಒಂದು ಗುಂಡಿ ಇದೆ, ಒಂದರಿಂದ ಎಂಟರವರೆಗೆ. ಮಾವ ಎಂಟಕ್ಕೆ ಏರಿಸಿ ಬಿಟ್ಟರು.

ಅಕ್ಟೋಬರ್ ಮುಗಿಯುತ್ತ ಚಳಿ ಜೋರಾಯಿತು. ಬಿಸಿ ಆವಿ ತಣ್ಣನೆಯ ಕೊಳವೆಯೊಳಗೆ ನೀರಾಗತೊಡಗಿತು. ಒಂದು ಬೆಳಿಗ್ಗೆ ಮಾವ ಒದ್ದೆ ಮೀಸೆಯಲ್ಲಿ ತಿಂಡಿಗೆ ಬಂದರು.

"ಈ ದರಿದ್ರ ಯಂತ್ರ ಮುಖದ ಮೇಲೆ ಉಗುಳ್ತಿದೆ!"

"ಹೌದಾ?" ಎಂದರು ಅತ್ತೆ, ಮೊಟ್ಟೆ ತಿರುವುತ್ತ.

"ಗೊಳಗೊಳ ಅಂತ ಸದ್ದು, ಆಮೇಲೆ ಮೂಗಿನೊಳಗೆ ಒಂದು ಚೊಂಬು ತಣ್ಣೀರು. ತೂತು ಬಿದ್ದ ದೋಣಿಯಲ್ಲಿ ಮಲಗಿದ ಹಾಗಿದೆ. ಕಿತ್ತು ಬಿಸಾಕಿದೆ."

"ಅದಕ್ಕೇ ನಿನ್ನೆ ರಾತ್ರಿ ಉಸಿರು ನಿಂತಿದ್ದು," ಎಂದರು ಅತ್ತೆ. "ನಾನು ತಿವಿದೆ."

"ಗೊತ್ತಾಯ್ತು." ಮಾವ ಬನಿಯನ್ ಎತ್ತಿ ತೋರಿಸಿದರು. ಪಕ್ಕೆಯಲ್ಲಿ ಬದನೆಕಾಯಿ ಬಣ್ಣದ ಕಲೆ. "ತಿವಿಯೋಕೂ ಒಂದು ಮಿತಿ ಬೇಡ್ವೇನೇ?"

"ಬದುಕಿದ್ದೀಯಲ್ಲ."

ದಿನಕ್ಕೊಂದು ಉಪಾಯ ನಡೆಯಿತು. ನೀರು ಕೆಳಗೆ ಹರಿಯುತ್ತದಲ್ಲ ಎಂದು ಮಾವ ಯಂತ್ರವನ್ನು ನೆಲದ ಮೇಲಿಡುವ ಬದಲು ಬೀರುವಿನ ನೆತ್ತಿಗೇರಿಸಿದರು. ನೀರು ಹೇಳಿದ ಮಾತು ಕೇಳಿ ನೇರ ಕೆಳಗೆ, ಮೂಗಿಗೇ ಹರಿಯಿತು. ಕರ್ಟಿಸ್ ಬಂದು ಕೊಳವೆಯನ್ನು ತಲೆಯ ಮೇಲಿನ ಗೋಡೆಗೆ ಹೊಡೆದಿದ್ದ ಜಿಂಕೆ ಕೊಂಬಿಗೆ ನೇತುಹಾಕಿದ. ಜೋತುಬಿದ್ದ ಕಡೆ ರಾತ್ರಿಯೆಲ್ಲ ನೀರು ಕೂಡಿಕೊಂಡು, ಮಾವ ಮಗ್ಗುಲು ಬದಲಿಸಿದ ಕೂಡಲೇ ಒಮ್ಮೆಲೇ ಸುರಿಯಿತು. ಆ ಕೂಗಿಗೆ ಮಹಡಿಯ ಮೇಲಿದ್ದ ನಾವಿಬ್ಬರೂ ಎದ್ದು ಕೂತೆವು. ಆಮೇಲೆ ಮಾವ ಸ್ನಾನದ ಟವೆಲನ್ನೇ ಕೊಳವೆಗೆ ಸುತ್ತಿ ಅಂಟುಪಟ್ಟಿ ಬಿಗಿದರು. ಅದರ ಭಾರಕ್ಕೆ ಮಾಸ್ಕೇ ಮುಖದಿಂದ ಕಳಚಿಕೊಂಡು ನೆಲಕ್ಕೆ ಬಿತ್ತು.

"ಯಂತ್ರ ಕೊಟ್ಟ ಅಂಗಡಿಗೆ ಫೋನ್ ಮಾಡಪ್ಪ," ಎಂದ ಕರ್ಟಿಸ್.

"ಒಂದು ಡಬ್ಬಿ ನೀರು ಹೆಂಗಿಡೋದು ಅಂತ ನಾನು ಊರೋರ್ನ ಕೇಳ್ಬೇಕಾ?"

ಶನಿವಾರ ಗಂಡಸರು ಸೌನಾ ಮುಗಿಸಿ ಹೋದ ಮೇಲೆ ನಾನು, ಅತ್ತೆ ಒಳಗೆ ಕೂತೆವು. ಈ ಮನೆಯಲ್ಲಿ ಮಾತು ಆಡುವುದಿದ್ದರೆ ಅಲ್ಲಿಯೇ. ಅತ್ತೆ ಕಲ್ಲಿನ ಮೇಲೆ ನೀರು ಎರಚಿದರು. ಆವಿ ಎದ್ದು ಚಾವಣಿಗೆ ಬಡಿದು ಬೆನ್ನ ಮೇಲೆ ಇಳಿಯಿತು.

"ಕಿಟಕಿ ಮುಚ್ಚಬೇಕು," ಎಂದರು ಅತ್ತೆ, ಯಾರೂ ಕೇಳದೆ. "ಇಲ್ಲ ಗುಂಡಿ ಇಳಿಸಬೇಕು. ಯಂತ್ರ ಹಾಸಿಗೆಗಿಂತ ಕೆಳಗಿರಬೇಕು. ಇದ್ಯಾವುದೂ ಆಗಲ್ಲ ಅಂದ್ರೆ ಕೊಳವೆಗೆ ಬೆಚ್ಚಗೆ ಒಂದು ಕವಚ ಹಾಕಬೇಕು. ಹಗುರ ಇರಬೇಕು, ದಪ್ಪ ಇರಬೇಕು. ಉಣ್ಣೆ ಆದ್ರೆ ವಾಸಿ."

ನಾನು ಅವರ ಮುಖವನ್ನೇ ನೋಡಿದೆ. "ನಿಮಗೆ ಹೆಂಗೆ ಗೊತ್ತು?"

"ಯಂತ್ರ ಕೊಡೋವಾಗ ಅಂಗಡಿ ಹುಡುಗಿ ಎಲ್ಲಾ ಬಿಡಿಸಿ ಹೇಳಿದ್ಲು. ನಿನ್ನ ಮಾವ ಅಲ್ಲಿ ಕೂತಿದ್ದ ಇನ್ನೊಬ್ಬನ ಜೊತೆ ಲಾರಿ ಟೈರಿನ ವಿಚಾರ ಮಾತಾಡ್ತಿದ್ದ. ನಾನು ಕೇಳಿಸ್ಕೊಂಡೆ."

"ಅತ್ತೆ!" ನಗು ತಡೆಯಲಾಗಲಿಲ್ಲ ನನಗೆ. ಆಮೇಲೆ ಹೆದರಿಕೆಯಾಯಿತು. "ಮಾವನಿಗೆ ಏನಾದ್ರೂ ಆದ್ರೆ? ಉಸಿರು ನಿಂತೇ ಹೋದ್ರೆ?"

"ಯಂತ್ರ ಬರೋದಕ್ಕೆ ಮುಂಚೆ ಅವನಿಗೆ ಯಂತ್ರ ಯಾವುದು ಅನ್ಕೊಂಡೆ? ನನ್ನ ಮೊಣಕೈ. ಈಗಲೂ ಪಕ್ಕದಲ್ಲೇ ಇದೆ. ಅವನು ಸಾಯಲ್ಲ. ಸಾಯೋಕೆ ನಾನು ಬಿಡಲ್ಲ." ಅತ್ತೆ ಇನ್ನೊಂದು ಸೌಟು ನೀರು ಎರಚಿದರು. "ನನ್ನ ಅವ್ವ ಆ ಮಗ್ಗದ ಮುಂದೆ ಕೂತು ಐದು ಮಕ್ಕಳನ್ನ ಸಾಕಿದ್ಲು. ಹಳೇ ಕಟ್ಟಿಗೆ ಅಂತೆ. ನೆನೀಲಿ ಅವನು."

ನನಗೆ ಅವರ ಮೇಲೆ ಒಂದು ಚೂರೂ ಬೇಸರ ಬರಲಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆ ತಣ್ಣಗಾಯಿತು. ಬಾಯಿಗೆ ಬೀಗ ಹಾಕಿಕೊಂಡು ಮನೆಯೊಳಗೆ ಬಂದೆ.

ನವೆಂಬರ್ ಮೊದಲ ವಾರ ಡಾಕ್ಟರ ಕಡೆಯಿಂದ ಫೋನು ಬಂತು. ಯಂತ್ರ ಚಾಡಿ ಹೇಳಿಯೇ ಇತ್ತು. ಮಾವ ಒಂದು ರಾತ್ರಿಯೂ ಸರಿಯಾಗಿ ಹಾಕಿಕೊಂಡಿಲ್ಲ, ಹೀಗೇ ಆದರೆ ಲಾರಿಗೆ ಸಹಿ ಇಲ್ಲ, ಇನ್ನು ಸ್ವಲ್ಪ ದಿನ ನೋಡುತ್ತೇವೆ ಎಂದರು. ಕೌಂಟಿಯವರು ಆಗಲೇ ಆ ಲಾರಿಗೆ ಬೇರೊಬ್ಬನ ಹೆಸರು ಆಡುತ್ತಿದ್ದರಂತೆ, ಅದೂ ರಸ್ತೆ ಬದಿಯ ಅಂಚೆಪೆಟ್ಟಿಗೆಗಳನ್ನೆಲ್ಲ ಬೀಳಿಸಿಕೊಂಡು ಹೋಗುವ ಹುಡುಗನದು. ಕೊನೆಗೆ ಮಾವ ಜಂಬ ನುಂಗಿ ಅಂಗಡಿಗೆ ಫೋನು ಮಾಡಿದರು. ನಾವೆಲ್ಲ ಮೇಜಿನ ಸುತ್ತ ಸಾರು ಕುಡಿಯುತ್ತಿದ್ದೆವು.

"ಹ್ಞೂಂ... ಕಿಟಕಿ ಮುಚ್ಚಲ್ಲ, ಅದು ಆಗದ ಮಾತು... ಇಳಿಸಿದ್ರೆ ಮೂಗಲ್ಲಿ ರಕ್ತ ಬರುತ್ತೆ, ನಮ್ಮನೇಲಿ ಸೌದೆ ಒಲೆ ಉರಿಯುತ್ತೆ... ಬಿಸಿ ಕೊಳವೆ? ಅದು ಬರೋಕೆ ಎಷ್ಟು ದಿನ?... ಅಷ್ಟೊತ್ತಿಗೆ ಚಳಿಗಾಲಾನೇ ಮುಗಿಯುತ್ತೆ ತಾಯಿ... ಕವಚ? ಎಂಥಾ ಕವಚ?... ಯಾರಿಗೆ ಹೇಳಿದ್ರಿ?"

ಮಾವ ಫೋನು ಇಟ್ಟರು. ನಿಧಾನವಾಗಿ ಅತ್ತೆಯ ಕಡೆ ತಿರುಗಿದರು.

"ಆ ಹುಡುಗಿ ನಿನಗೆ ಎಲ್ಲಾ ಹೇಳಿದ್ಲಂತೆ."

"ಹೇಳಿದ್ಲು."

"ನಿನಗೆ ಗೊತ್ತಿತ್ತು!"

"ಗೊತ್ತಿತ್ತು."

"ಇಷ್ಟು ದಿನ ಪಕ್ಕದಲ್ಲಿ ಮಲಗಿ, ನನ್ನ ಮೂಗಿಗೆ ನೀರು ಹೋಗೋದನ್ನ ನೋಡ್ತಾ ಇದ್ದೆ! ಒಂದ್ ಮಾತು ಹೇಳ್ಲಿಲ್ಲ!"

"ನೀನು ಕೇಳ್ಲಿಲ್ಲ." ಅತ್ತೆ ಚಮಚ ಕೆಳಗಿಟ್ಟರು. "ಮಗ್ಗ ಹೊತ್ಕೊಂಡು ಹೋಗೋವಾಗ ನನ್ನ ಕೇಳಿದ್ದೆಯಾ?"

ಕರ್ಟಿಸ್ ಬಟ್ಟಲೊಳಗೆ ಮುಖ ಹುದುಗಿಸಿದ. ಮಾವ ಎದ್ದರು, ಕೂತರು, ಮತ್ತೆ ಎದ್ದರು.

"ಒಂದು ಕಟ್ಟಿಗೆಗೋಸ್ಕರ ನನ್ನ ಲಾರಿ ಕಳೀತೀಯಾ ನೀನು?"

"ಒಂದು ಕುರ್ಚಿಗೋಸ್ಕರ ನನ್ನ ಮಗ್ಗ ಕಳ್ದೆಯಲ್ಲ ನೀನು."

"ಆಯ್ತು, ಆಯ್ತು! ಈಗ ಆ ಕವಚ ಮಾಡಿಕೊಡು. ಇವತ್ತೇ ಹೊಲಿದು ಕೊಡು."

"ನಾನು ಹೊಲಿಯೋಳಲ್ಲ, ನೇಯೋಳು. ಮಗ್ಗ ತಾ, ನೇಯ್ದು ಕೊಡ್ತೀನಿ."

"ರೋಂಡಾ, ನೀನು ಹೊಲೀತೀಯಾ?"

"ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಮಾವ," ಎಂದೆ. ಕಿಟಕಿಯ ಪರದೆಗಳನ್ನೆಲ್ಲ ಹೊಲಿದವಳು ನಾನೇ. ಅವರು ಪರದೆಯನ್ನೂ ನೋಡಿದರು, ನನ್ನನ್ನೂ ನೋಡಿದರು.

ಮರುದಿನ ಅಪ್ಪ ಮಗ ಆ ಮೋಟಾರನ್ನು ಪಿಕಪ್ಪಿಗೆ ಹಾಕಿಕೊಂಡು ವಾಲ್ಟ್‌ನ ಬಳಿ ಹೋದರು. ಅವನು ಮಗ್ಗಕ್ಕೆ ಪ್ಲಾಸ್ಟಿಕ್ ಹೂಬಳ್ಳಿ ಸುತ್ತಿ, 'ಅಜ್ಜಿಯ ಮಗ್ಗ' ಎಂದು ಹಲಗೆ ತೂಗುಹಾಕಿ, ಪಕ್ಕದಲ್ಲಿ ಪ್ರವಾಸಿಗಳ ಫೋಟೋ ತೆಗೆಯುತ್ತಿದ್ದನಂತೆ. ಸುಲಭಕ್ಕೆ ಬಿಡಲಿಲ್ಲ. ಮೋಟಾರೂ ವಾಪಸು ಬೇಕು, ಚಳಿಗಾಲವೆಲ್ಲ ತನ್ನ ಅಂಗಳದ ಹಿಮವನ್ನೂ ಮಾವನೇ ತಳ್ಳಬೇಕು ಎಂದ. ಮಾವ ಒಪ್ಪಿಕೊಂಡು ಬಂದರು. ಮನೆಯೊಳಗೆ ತೊಲೆ ಹೊರುವಾಗ ಅವರ ಸೊಂಟ ಕಟಕ್ಕೆಂದಿತು. ಅತ್ತೆ ಬಾಗಿಲಲ್ಲಿ ನಿಂತು ಒಂದೊಂದೇ ಭಾಗವನ್ನು ಮುಟ್ಟಿ ನೋಡಿದರು.

"ಹಣಿಗೆ ಎಲ್ಲಿ?"

"ಯಾವ ಹಣಿಗೆ?"

"ನೂಲು ಪೋಣಿಸೋ ಹಣಿಗೆ. ಅದಿಲ್ದೆ ಇದು ಹಳೇ ಕಟ್ಟಿಗೇನೇ."

ಸೊಂಟ ಹಿಡಿದುಕೊಂಡು ಮಾವ ಮತ್ತೆ ಹೋದರು. ವಾಲ್ಟ್ ಅದನ್ನು ಗೋಡೆಗೆ ಮೊಳೆ ಹೊಡೆದು ಟೋಪಿ ಸಿಕ್ಕಿಸಲು ಇಟ್ಟುಕೊಂಡಿದ್ದನಂತೆ. ಅವರು ಬರುವಷ್ಟರಲ್ಲಿ ಅತ್ತೆ ಮಗನ ಕೈಯಲ್ಲೇ ಒರಗು ಕುರ್ಚಿಯನ್ನು ಗ್ಯಾರೇಜಿಗೆ ಹಾಕಿಸಿ ಮಂಚವನ್ನು ಒಳಗೆ ತರಿಸಿದ್ದರು.

"ಇದ್ಯಾಕೆ ಮಂಚ?" ಎಂದರು ಮಾವ. "ಗೊರಕೆ ಬರಲ್ವಲ್ಲ ಈಗ."

"ನಿನ್ನ ಗೊರಕೆ ಬರಲ್ಲ," ಎಂದರು ಅತ್ತೆ. "ನನ್ನ ಮಗ್ಗ ಬಂತಲ್ಲ."

ಮಗ್ಗಕ್ಕೆ ಹಾಸಿನ ನೂಲು ಕಟ್ಟಲು ಅತ್ತೆ ಒಂದು ಗಂಟೆಯೂ ಅವಸರ ಮಾಡಲಿಲ್ಲ. ಮಾವ ದಿನಾ ಬಾಗಿಲಲ್ಲಿ ನಿಂತು ಗೋಗರೆದರು.

"ಬೇಗ ಮಾಡೇ. ಡಾಕ್ಟರು ನೋಡ್ತಾ ಇದಾರೆ."

"ಉಣ್ಣೆ ಬೇಕಲ್ಲ. ಎಲ್ಲಿಂದ ತರಲಿ?"

"ಮನೇಲಿ ಹಳೇ ಬಟ್ಟೆಗೆ ಬರವಾ? ಯಾವುದಾದ್ರೂ ತಗೋ, ಕತ್ತರಿಸ್ಕೋ. ಅದಕ್ಕೆಲ್ಲ ನನ್ನ ಕೇಳ್ಬೇಡ."

"ಕೇಳೋದು ಬೇಡ್ವಾ?"

"ಬೇಡ ಅಂದ್ನಲ್ಲ!"

ಅತ್ತೆ ನನ್ನ ಕಡೆ ನೋಡಿದರು. "ನೀನೂ ಕೇಳಿಸ್ಕೊಂಡೆಯಲ್ಲ ರೋಂಡಾ?" ಎಂದರು. ಕೇಳಿಸಿಕೊಂಡೆ ಎಂದೆ. ಯಾಕೆ ಕೇಳಿದರೋ ಆಗ ಗೊತ್ತಾಗಲಿಲ್ಲ.

ಎರಡು ದಿನ ಬಾಗಿಲು ಮುಚ್ಚಿದ ಕೋಣೆಯೊಳಗಿಂದ ಧಡ್ ಧಡ್ ಎಂದು ಮಗ್ಗ ಬಡಿಯುವ ಸದ್ದು ಬಂತು. ಮೂರನೆಯ ದಿನ ಕವಚ ಬಂತು. ಕೆಂಪು ಕಪ್ಪು ಗೆರೆ, ಕೈಯಷ್ಟು ಉದ್ದದ ತುಂಡುಗಳನ್ನು ಸೇರಿಸಿ ಕೊಳವೆಯ ಅಳತೆಗೆ ಸರಿಯಾಗಿ ಮಾಡಿದ್ದರು. ದಪ್ಪಗೆ, ಮೆತ್ತಗೆ, ಹಗುರವಾಗಿತ್ತು. ಮಾವ ಕೈಯಲ್ಲಿ ಹಿಡಿದು ಸವರಿದರು.

"ಕೆಂಪು ಚೆನ್ನಾಗಿದೆ ಕಣೇ. ನಿನ್ನ ಕೈಯ ಕೆಲಸಕ್ಕೆ ಯಾರೂ ಸಾಟಿ ಇಲ್ಲ."

ಅವತ್ತು ರಾತ್ರಿ ಕೊಳವೆಯಲ್ಲಿ ಒಂದು ತೊಟ್ಟು ನೀರೂ ಕೂಡಲಿಲ್ಲ. ಮರುದಿನವೂ ಇಲ್ಲ. ಕಿಟಕಿ ತೆರೆದೇ ಇತ್ತು, ಗುಂಡಿ ಎಂಟರಲ್ಲೇ ಇತ್ತು. ಮಾವ ಬೆಳಗಾಗುವವರೆಗೆ ಮಗುವಿನ ಹಾಗೆ ಮಲಗಿ, ಕೆಂಪು ಕೆನ್ನೆ ಮಾಡಿಕೊಂಡು ತಿಂಡಿಗೆ ಬಂದರು.

"ಕನಸಲ್ಲಿ ಎಂಥಾ ಜಿಂಕೆ ಅಂತೀಯಾ ಕರ್ಟಿಸ್! ಈ ಅಗಲ ಕೊಂಬು. ಬಂದು ನನ್ನ ಮೂಗಿನ ಹತ್ರಾನೇ ನಿಂತಿತ್ತು. ಈ ಸಲ ಬೇಟೆ ಜೋರು."

ಡಾಕ್ಟರ ಕಡೆಯಿಂದಲೂ ಒಳ್ಳೆಯ ಮಾತು ಬಂತು. ಹೀಗೇ ಹಾಕಿಕೊಂಡು ಹೋದರೆ ಲಾರಿ ಅವರದೇ, ಚಳಿಗಾಲ ಪೂರ್ತಿ ಯಂತ್ರದ ವರದಿ ನೋಡುತ್ತಿರುತ್ತೇವೆ ಎಂದರು. ಮಾವ ಊರಿಗೆಲ್ಲ ಫೋನು ಮಾಡಿ ಹೇಳಿದರು. ಅತ್ತೆ ಮಾತ್ರ ನಿಸು ಮಾಡಲಿಲ್ಲ. ಮಗ್ಗ ಬಂದ ಮೇಲೂ ಇನ್ನೇನು ಸಿಟ್ಟು ಎಂದು ಕರ್ಟಿಸ್ ನನ್ನನ್ನು ಕೇಳಿದ. ಅವನ ಪಾಸ್ಟಿಯಲ್ಲಿ ಮಾಂಸ ಇನ್ನೂ ಅರ್ಧವೇ ಇತ್ತು.

ನವೆಂಬರ್ ಹದಿನೈದಕ್ಕೆ ನಮ್ಮಲ್ಲಿ ಜಿಂಕೆ ಬೇಟೆ ಶುರು. ಶಾಲೆಗೂ ರಜೆ, ಕೆಲಸಕ್ಕೂ ರಜೆ. ಬೆಳಗಿನ ಜಾವ ಗಂಡಸರೆಲ್ಲ ಕಾಡಿನಲ್ಲಿರಬೇಕು. ಮಾವನಿಗೆ ಬೇಟೆಯ ಕೋಟು ಒಂದಿತ್ತು. ಕೆಂಪು ಕಪ್ಪು ಚೌಕುಳಿಯ ದಪ್ಪ ಉಣ್ಣೆಯದು. ಕರ್ಟಿಸ್ ಹುಟ್ಟಿದ ವರ್ಷ ಅದನ್ನು ತೊಟ್ಟು ಮೊದಲ ದೊಡ್ಡ ಗಂಡು ಜಿಂಕೆ ಹೊಡೆದದ್ದಂತೆ. ಅಂದಿನಿಂದ ಬೇರೆ ಕೋಟು ತೊಟ್ಟು ಕಾಡಿಗೆ ಹೋದವರಲ್ಲ. ಒಮ್ಮೆಯೂ ಒಗೆಯಲು ಬಿಟ್ಟವರಲ್ಲ, ಒಗೆದರೆ ಅದೃಷ್ಟ ತೊಳೆದು ಹೋಗುತ್ತದೆ ಎನ್ನುತ್ತಿದ್ದರು. ಅದು ವರ್ಷವಿಡೀ ಗ್ಯಾರೇಜಿನ ಮೊಳೆಗೆ ನೇತಾಡಿಕೊಂಡು ಇರುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ.

ಅವತ್ತು ಕತ್ತಲಿರುವಾಗಲೇ ಎದ್ದು ನಾನು ಅವರಿಗೆ ಬುತ್ತಿ ಕಟ್ಟುತ್ತಿದ್ದೆ. ಗ್ಯಾರೇಜಿನಿಂದ ಮಾವನ ದನಿ ಕೇಳಿಸಿತು.

"ಕರ್ಟಿಸ್! ನನ್ನ ಕೋಟು ತಗೊಂಡ್ಯಾ?"

"ನಾನ್ಯಾಕೆ ತಗೊಳ್ಲಿ, ನಂದೇ ಇದೆಯಲ್ಲ!"

ಒಳಗೆ ಬಂದರು, ಬೀರು ತೆಗೆದರು, ಮಹಡಿಗೆ ಹತ್ತಿದರು, ಇಳಿದರು. ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಕಾಫಿ ಹಿಡಿದು ಕೂತಿದ್ದರು. ಅಷ್ಟು ಬೇಗ ಅವರು ಏಳುವವರಲ್ಲ. ಮಾವ ಹುಡುಕುತ್ತ ಮಲಗುವ ಕೋಣೆಗೆ ಹೋದರು. ಸದ್ದು ನಿಂತಿತು. ನಾನು ಬಾಗಿಲವರೆಗೆ ಹೋಗಿ ನೋಡಿದೆ. ಮಾವ ಹಾಸಿಗೆಯ ಅಂಚಿನಲ್ಲಿ ಕೂತು, ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಕವಚವನ್ನು ದೀಪದ ಕಡೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕೆಂಪು, ಕಪ್ಪು, ಕೆಂಪು. ಒಂದು ಕಡೆ ಹೊಲಿಗೆಯಲ್ಲಿ ಕೋಟಿನದೇ ಒಂದು ಗುಂಡಿಯನ್ನು ಅತ್ತೆ ಹಾಗೇ ಉಳಿಸಿದ್ದರು.

"ಲೆಂಪಿ," ಎಂದರು.

ಅತ್ತೆ ಬಂದು ನನ್ನ ಪಕ್ಕ ನಿಂತರು.

"ನನ್ನ ಕೋಟು."

"ಬಿಸಿನೀರಲ್ಲಿ ಸೋಪು ಹಾಕಿ ಒಗೆದೆ. ಆಗ ಉಣ್ಣೆ ದಪ್ಪ ಆಗುತ್ತೆ."

"ಅದು... ಅದನ್ನ ನಾನು... ಕರ್ಟಿಸ್ ಹುಟ್ಟಿದ ವರ್ಷದಿಂದ..."

"ಹಳೇ ಬಟ್ಟೆ ಟೌನೊ," ಎಂದರು ಅತ್ತೆ. "ಅರ್ಧ ಗೋಡೆ ನುಂಗ್ಕೊಂಡು ನೇತಾಡ್ತಿತ್ತು."

"ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಕೇಳ್ದೆ. ಕೇಳ್ಬೇಡ ಅಂದೆ. ರೋಂಡಾನೂ ಇದ್ಲು."

ಮಾವ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಕವಚವನ್ನು ಕೊಳವೆಯಿಂದ ಕಿತ್ತೆಸೆಯುತ್ತಾರೇನೋ ಎಂದುಕೊಂಡೆ. ಎರಡು ಕೈಯಲ್ಲೂ ಹಿಡಿದರು, ಬೆರಳು ಬಿಗಿಯಾದವು. ಆಮೇಲೆ ಬಿಟ್ಟರು. ಅದನ್ನು ಕಿತ್ತರೆ ರಾತ್ರಿ ನೀರು ಬರುತ್ತದೆ, ನೀರು ಬಂದರೆ ಯಂತ್ರ ಹೋಗುತ್ತದೆ, ಯಂತ್ರ ಹೋದರೆ ಲಾರಿ ಹೋಗುತ್ತದೆ. ಅದು ನಮ್ಮೆಲ್ಲರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಕೊಳವೆಯನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟು ಎದ್ದರು.

ಆ ವರ್ಷ ಮಾವ ಕರ್ಟಿಸ್‌ನ ಹಳೇ ನೈಲಾನ್ ಕೋಟು ತೊಟ್ಟು ಕಾಡಿಗೆ ಹೋದರು. ಕೈ ಎತ್ತಿದರೆ ಸರಸರ, ಕೂತರೆ ಸರಸರ. ಒಂದು ಜಿಂಕೆಯೂ ಹತ್ತಿರ ಸುಳಿಯಲಿಲ್ಲ. ಸೀಸನ್ ಮುಗಿಯುವವರೆಗೆ ದಿನಾ ಬರಿಗೈಲಿ ಬಂದು, ಮಾತಾಡದೆ ಉಂಡು, ಆ ಕೋಟಿನದೇ ತುಂಡನ್ನು ಮೂಗಿನ ಮುಂದೆ ಇಟ್ಟುಕೊಂಡು ಮಲಗಿದರು. ಕರ್ಟಿಸ್ ತನ್ನ ಕೋಟನ್ನು ಪಿಕಪ್ಪಿನೊಳಗೆ ಇಟ್ಟು ಬೀಗ ಹಾಕತೊಡಗಿದ.

ಡಿಸೆಂಬರಿನಲ್ಲಿ ಮೊದಲ ದೊಡ್ಡ ಹಿಮ ಬಿತ್ತು. ಮಾವ ಲಾರಿ ಹತ್ತಿ ಊರಿನ ರಸ್ತೆಯೆಲ್ಲ ತಳ್ಳಿ, ಕೊನೆಗೆ ವಾಲ್ಟ್‌ನ ಅಂಗಳವನ್ನೂ ತಳ್ಳಿ, ಮಧ್ಯಾಹ್ನ ಮನೆಗೆ ಬಂದರು. ಹಿಂಬಾಗಿಲು ತೆಗೆದವರು ಅಲ್ಲೇ ನಿಂತರು. ಹೊಸಿಲ ಒಳಗೆ ಹೊಸ ಜಮಖಾನೆ ಹಾಸಿತ್ತು. ಕೋಟಿನ ಬೆನ್ನಿನದು, ಎದೆಯದು, ಜೇಬುಗಳದು, ಉಳಿದದ್ದೆಲ್ಲ ಅದರಲ್ಲಿತ್ತು.

ಮಾವ ಹಿಮದಲ್ಲೇ ಕೂತು ಬೂಟು ಬಿಚ್ಚಲು ಬಗ್ಗಿದರು.

"ಬಿಚ್ಬೇಡ," ಎಂದರು ಅತ್ತೆ ಒಲೆಯ ಕಡೆಯಿಂದ. "ಒರೆಸ್ಕೊಂಡು ಬಾ. ಅದಕ್ಕೇ ಹಾಕಿರೋದು."

ಒಳಗೆ ಗಾಳಿ ನುಗ್ಗುತ್ತಿತ್ತು. ಯಾರೂ ಬಾಗಿಲು ಮುಚ್ಚಿ ಎನ್ನಲಿಲ್ಲ. ಕರ್ಟಿಸ್ ಏನೋ ಹೇಳಲು ಬಾಯಿ ತೆರೆದ, ನಾನು ಅವನ ಕಾಲು ತುಳಿದೆ. ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತು ಆ ಜಮಖಾನೆಯನ್ನು ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು. ಒಂದು ಕಾಲು ಇಟ್ಟರು. ಇನ್ನೊಂದು ಇಟ್ಟರು. ಉಪ್ಪು ಕೆಸರು ಹತ್ತಿದ ಬೂಟುಗಳನ್ನು ಒಂದಾದ ಮೇಲೊಂದು, ಹಿಂದೆ ಮುಂದೆ, ಚೆನ್ನಾಗಿ ಒರೆಸಿದರು.

ಅತ್ತೆ ಒಲೆಯ ಬಾಗಿಲು ತೆಗೆದರು. ಮನೆಯೆಲ್ಲ ಏಲಕ್ಕಿಯ ಘಮ ಹಬ್ಬಿತು. ನಿಸುವನ್ನು ಹಲಗೆಯ ಮೇಲಿಟ್ಟು, ಬಿಸಿ ಆರುವ ಮೊದಲೇ ಅಂಚಿನ ದಪ್ಪ ತುಂಡು ಕತ್ತರಿಸಿ, ಬೆಣ್ಣೆ ಸವರಿ, ಮಾವನ ಮುಂದೆ ಇಟ್ಟರು.

"ಕೂತ್ಕೋ," ಎಂದರು. "ಕಾಫಿ ಆರುತ್ತೆ."